ಮಾಸ್ತರ ಪಗಾರ ನಮ್ಮ ಪ್ರಶ್ನೆ

ಹಾಸ್ಟೆಲ್ ಗೆಳೆಯರೇ,

ಅತಿಥಿ ಶಿಕ್ಷಕರು ಧರಣಿ ಕುಂತರೆ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಆ ಕಡೆ ತಿರುಗಿಯೂ ನೋಡುವುದಿಲ್ಲ. "ಮಾಸ್ತರ ಪಗಾರ ತಗೊಂಡು ನಮಗೇನ ಮಾಡೂದೈತಿ? ಅವರ ಜಗಳ ಅವರು ನೋಡ್ಕೋತಾರ" ಅನ್ನುತ್ತಾರೆ. ಹಾಸ್ಟೆಲಿನ ಅನ್ನದಲ್ಲಿ ಹುಳ ಬಂದರೆ ಇದೇ ಹುಡುಗರು ತಾಟು ಹಿಡಿದು ರಸ್ತೆಗೆ ಇಳಿಯುತ್ತಾರೆ. ಸ್ಕಾಲರ್‌ಶಿಪ್ ತಡವಾದರೆ ಘೋಷಣೆ ಕೂಗುತ್ತಾರೆ. ಸರಿಯಾದ ಕೆಲಸ. ಆದರೆ ಅನ್ನದಲ್ಲಿ ಹುಳ ಬಂದರೆ ಕಣ್ಣಿಗೆ ಕಾಣುತ್ತದೆ, ಹೊಟ್ಟೆ ಹೇಳುತ್ತದೆ. ಆಗದೇ ಹೋದ ಪಾಠ ಹೊಟ್ಟೆಗೆ ತಿಳಿಯುವುದಿಲ್ಲ. ಅದು ಹತ್ತನೆಯ ತರಗತಿಯ ರಿಸಲ್ಟಿನ ದಿವಸ ತಿಳಿಯುತ್ತದೆ. ಅವತ್ತು ತಿಳಿದು ಏನು ಉಪಯೋಗ?

ಸರ್ಕಾರಿ ಸಾಲಿಗೆ ಎಷ್ಟು ರೊಕ್ಕ ಬರುತ್ತದೆ, ಅಲ್ಲಿ ಕಲಿಸುವವರಿಗೆ ಎಷ್ಟು ಪಗಾರ ಸಿಗುತ್ತದೆ ಎಂಬುದು ಬೇರೆ ಯಾರಿಗಿಂತಲೂ ಮೊದಲು ನಮಗೆ ಸಂಬಂಧಪಟ್ಟ ಪ್ರಶ್ನೆ. ಯಾಕೆಂದರೆ ನಮಗೆ ಇರುವುದು ಇದೊಂದೇ ಸಾಲಿ. ಉಳ್ಳವರಿಗೆ ಈ ಬಾಗಿಲು ಮುಚ್ಚಿದರೆ ಮತ್ತೊಂದು ಬಾಗಿಲು ಇದೆ, ಬಾಗಿಲ ಮುಂದೆ ಹಳದಿ ಬಸ್ಸೂ ಬಂದು ನಿಲ್ಲುತ್ತದೆ. ಕೇರಿಯ ಮಕ್ಕಳಿಗೆ?

ಮೊದಲು ಲೆಕ್ಕ ಹಾಕೋಣ. ನಿಮಗೆ ಲೆಕ್ಕ ಬರುವುದಿಲ್ಲ ಎಂದು ನಮ್ಮನ್ನು ಹಿಂದಿನ ಬೆಂಚಿಗೆ ಕೂಡಿಸಿದವರಿದ್ದಾರೆ. ಆದ್ದರಿಂದ ನಿಧಾನವಾಗಿ ಹಾಕೋಣ.

2025ರ ಮಾರ್ಚಿನ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಅತಿಥಿ ಶಿಕ್ಷಕರ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿ ಏರಿಸಿತು. ಏರಿಸಿದ ಮೇಲೆ ಪ್ರಾಥಮಿಕ ಶಾಲೆಯವರಿಗೆ 12,000 ರೂಪಾಯಿ, ಹೈಸ್ಕೂಲಿನವರಿಗೆ 12,500. ಹನ್ನೆರಡು ಸಾವಿರವನ್ನು ಮೂವತ್ತು ದಿವಸಕ್ಕೆ ಹಂಚಿದರೆ ದಿನಕ್ಕೆ 400 ರೂಪಾಯಿ. ಅದೇ 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಬಿಸಿಲಿನಲ್ಲಿ ಕೆರೆಯ ಹೂಳೆತ್ತುವ ತಾಯಿಗೂ ಬಿ.ಎಡ್. ಮುಗಿಸಿ ಪಾಠ ಹೇಳುವ ಮಗನಿಗೂ ನಡುವೆ ಸರ್ಕಾರ ಇಟ್ಟಿರುವ ಅಂತರ 30 ರೂಪಾಯಿ. ಕೂಲಿ ಕೀಳಲ್ಲ, ಆ ಕೂಲಿಯೂ ಸಾಲದು. ಆದರೆ ಹೊಟ್ಟೆ ಕಟ್ಟಿ ಓದಿಸಿದ ತಾಯಿ "ಇಷ್ಟ ಓದಿ ಏನ್ ಗಳಿಸಿದ್ಯೋ ಯಪ್ಪಾ?" ಎಂದು ಕೇಳಿದರೆ ಆ ಮಗ ಏನು ಹೇಳಬೇಕು?

ಇನ್ನೊಂದು ಲೆಕ್ಕ. ಏಳನೆಯ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಕಚೇರಿಯ ಜವಾನರ ಕೆಲಸಕ್ಕೂ ಅಷ್ಟು ಬೇಕೆಂದು ಸರ್ಕಾರವೇ ಒಪ್ಪಿಕೊಂಡಿತು. ನ್ಯಾಯವೇ. ಅವರೂ ದುಡಿಯುವವರು. ಹಾಗಾದರೆ ಮಕ್ಕಳಿಗೆ ಅಕ್ಷರ ಕಲಿಸುವವರಿಗೆ ಅದರ ಅರ್ಧವೂ ಯಾಕೆ ಇಲ್ಲ? ಆ ಗೌರವಧನವೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಬೇಸಿಗೆ ರಜೆ ಬಂತೆಂದರೆ ಮಾಸ್ತರ ಹೊಟ್ಟೆಗೂ ರಜೆ. ಕೊಡುವ ಹಣವೂ ತಿಂಗಳಿಗೆ ಸರಿಯಾಗಿ ಬರುವುದಿಲ್ಲ, ಎರಡು ಮೂರು ತಿಂಗಳದ್ದು ಕೂಡಿ ಬಂದರೆ ಅದೇ ಹಬ್ಬ.

ಅಮೀನಗಡ ಎಂದರೆ ಕರದಂಟು, ಅಮೀನಗಡ ಎಂದರೆ ಕುರಿ ಸಂತೆ. ಆ ಸಂತೆ ನೋಡಿದವರನ್ನು ಕೇಳುತ್ತೇವೆ: ಮೈಕಟ್ಟಿನ ಒಂದು ಟಗರು ಈ ರೊಕ್ಕಕ್ಕೆ ಸಿಕ್ಕೀತೇನು? ಸಂತೆಯಲ್ಲಿ ಹಲ್ಲು ನೋಡಿ, ಬೆನ್ನು ಮುಟ್ಟಿ, ತೂಕ ಅಂದಾಜು ಮಾಡಿ ರೇಟು ಹಚ್ಚುತ್ತಾರೆ. ಮಾಸ್ತರಿಗೆ ಅಷ್ಟು ಲೆಕ್ಕವೂ ಇಲ್ಲ.

2025-26ರ ಶಾಲಾ ವರ್ಷಕ್ಕೆ ಸರ್ಕಾರ ತೆಗೆದುಕೊಳ್ಳಲು ಹೊರಟ ಅತಿಥಿ ಶಿಕ್ಷಕರು ಸುಮಾರು 51 ಸಾವಿರ. ಅತಿಥಿ ಎಂದರೆ ಒಂದು ಹೊತ್ತು ಉಂಡು ಹೋಗುವವನು. 51 ಸಾವಿರ ಅತಿಥಿಗಳು ಮನೆ ನಡೆಸುತ್ತಿದ್ದರೆ ಮನೆಯವರು ಎಲ್ಲಿ ಹೋದರು? 2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ: ಮಂಜೂರಾದ ಶಿಕ್ಷಕ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಬಾರದು. ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಖಾಲಿ ಕುರ್ಚಿಗಳೂ ಜಾರಿಯಲ್ಲಿವೆ.

ಪಗಾರ ಕಡಿಮೆಯಾದರೆ ಪಾಠ ಹೇಗೆ ಕಡಿಮೆಯಾಗುತ್ತದೆ? ಸಾಲಿ ಶುರುವಾಗುತ್ತದೆ, ಅತಿಥಿಗಳನ್ನು ತೆಗೆದುಕೊಳ್ಳುವ ಆದೇಶ ಆಮೇಲೆ ಬರುತ್ತದೆ, ಅರ್ಜಿ ಕರೆದು ಆಯ್ಕೆ ಮುಗಿಯುವುದು ಇನ್ನೂ ಆಮೇಲೆ. ಅಲ್ಲಿಯವರೆಗೆ ಒಬ್ಬರೇ ಅಕ್ಕೋರು ಎರಡು ಮೂರು ವರ್ಗ ಕೂಡಿಸಿಕೊಂಡು ಗದ್ದಲ ಅಡಗಿಸುತ್ತಾರೆ. ಕಲಿಸುವುದು ಎಲ್ಲಿಂದ ಬಂತು? ಆಮೇಲೆ ಗಣಿತಕ್ಕೆ ಒಬ್ಬರು ಬರುತ್ತಾರೆ. ದಸರೆ ಮುಗಿಯುವುದರೊಳಗೆ ಅವರಿಗೆ ಬೇರೆ ಕಡೆ ನಾಲ್ಕು ಕಾಸು ಹೆಚ್ಚಿನ ಕೆಲಸ ಸಿಗುತ್ತದೆ, ಹೋಗುತ್ತಾರೆ. ಹೋಗಬೇಡಿ ಎನ್ನಲು ನಮಗೆ ಬಾಯಿಲ್ಲ. ಇರುವವರೂ ಸಂಜೆ ಅಂಗಡಿಯಲ್ಲೋ ಮಗ್ಗದ ಮುಂದೆಯೋ ಕುಳಿತು ಮನೆ ನಡೆಸಬೇಕು. ನಿಮ್ಮ ನೋಟುಬುಕ್ಕು ತಿದ್ದುವುದು ಯಾವಾಗ?

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಮ್ಮ ಭಾಗದ ಕೇರಿಗಳಿಂದ ಜನ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುತ್ತಾರೆ. ರಸ್ತೆ ಕೆಲಸ, ಕಟ್ಟಡದ ಕೆಲಸ. ಜತೆಗೆ ಮಕ್ಕಳೂ ಹೋಗುತ್ತಾರೆ. ಯಾವ ಮನೆಯ ಹುಡುಗಿ ಯಾವ ತಿಂಗಳು ಕಾಣೆಯಾಗುತ್ತಾಳೆ, ಅವಳ ಅಜ್ಜಿ ಊರಲ್ಲಿದ್ದಾಳೆಯೇ, ಅವಳನ್ನು ಹಾಸ್ಟೆಲಿಗೆ ಸೇರಿಸಿ ಉಳಿಸಿಕೊಳ್ಳಬಹುದೇ — ಇದು ಒಂದೇ ಸಾಲಿಯಲ್ಲಿ ನಾಲ್ಕೈದು ವರ್ಷ ಇದ್ದ ಮಾಸ್ತರಿಗೆ ಗೊತ್ತಿರುತ್ತದೆ. ಅಂಥವರು ಕೇರಿಗೆ ಬಂದು, ಕಟ್ಟೆಯ ಮೇಲೆ ಕುಂತು, "ಯವ್ವಾ, ಇದೊಂದ್ ವರ್ಷ ಹುಡುಗೀನ ಬಿಟ್ಟು ಹೋಗು" ಎಂದು ಕೇಳುತ್ತಾರೆ. ಹತ್ತು ತಿಂಗಳ ಅತಿಥಿಗೆ ಹುಡುಗಿಯ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಅವರ ಆದೇಶದ ಅವಧಿ ಮುಗಿದಿರುತ್ತದೆ. ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತಾ ಹೋಗುತ್ತದೆ, ಒಂದು ದಿವಸ ಹೆಸರೇ ಇರುವುದಿಲ್ಲ.

ಮತ್ತೊಂದು ಮಾತು. ಕೇರಿಯ ಮಗುವಿಗೆ ಮಾತ್ರ ಕಸ ಹೊಡೆಯಲು ಹಚ್ಚಿದರೆ, ಊಟದ ಸಾಲಿನಲ್ಲಿ ದೂರ ಕೂಡಿಸಿದರೆ, ಅದನ್ನು ಕಂಡ ಅತಿಥಿ ಶಿಕ್ಷಕ ಬಾಯಿ ಬಿಟ್ಟಾನೆಯೇ? ಮುಂದಿನ ಜೂನ್‌ನಲ್ಲಿ ಅವನನ್ನು ಮತ್ತೆ ಕರೆಯುವುದು ಬಿಡುವುದು ಮೇಲಿನವರ ಕೈಯಲ್ಲಿದೆ. ಕೆಲಸದ ಭದ್ರತೆ ಇಲ್ಲದ ಮಾಸ್ತರಿಗೆ ನಾಲಿಗೆಯ ಭದ್ರತೆಯೂ ಇಲ್ಲ.

ಪರಿಣಾಮ ನೋಡಿ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ರಾಜ್ಯದಲ್ಲಿ ಪಾಸಾದವರು ಶೇ. 66.14. ದಕ್ಷಿಣ ಕನ್ನಡದಲ್ಲಿ ಶೇ. 91.12, ಕಲಬುರಗಿಯಲ್ಲಿ ಶೇ. 42.43. ಬಡತನ, ಗುಳೆ, ಮನೆಯ ವಾತಾವರಣ ಎಲ್ಲವೂ ಇದರಲ್ಲಿ ಸೇರಿದೆ, ಪಗಾರವೊಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಆದರೆ ಉತ್ತರದ ಹುಡುಗರ ತಲೆಯಲ್ಲಿ ಮಿದುಳು ಅರ್ಧ ಇಲ್ಲ. ಸಾಲಿಯಲ್ಲಿ ಪಾಠ ಆಗದಿದ್ದರೆ ಉಳ್ಳವರು ಟ್ಯೂಷನ್ ಹಚ್ಚಿ ತುಂಬಿಕೊಳ್ಳುತ್ತಾರೆ. ನಮಗೆ ಸಾಲಿ ಬಿಟ್ಟರೆ ಹಾಸ್ಟೆಲಿನ ಟ್ಯೂಬ್‌ಲೈಟು. ಸರ್ಕಾರ ಇದಕ್ಕೆ ಏನು ಮಾಡಿತು? 2025-26ರಿಂದ ಪಾಸಾಗಲು ಬೇಕಾದ ಅಂಕವನ್ನು ಶೇ. 35ರಿಂದ ಒಟ್ಟು ಶೇ. 33ಕ್ಕೆ ಇಳಿಸುವುದಾಗಿ ಹೇಳಿತು. ಅಂಕ ಇಳಿಸಲು ಖರ್ಚಿಲ್ಲ. ಮಾಸ್ತರನ್ನು ನೇಮಿಸಲು ಖರ್ಚಿದೆ. ಅಗ್ಗದ ದಾರಿ ಹಿಡಿದರು. ಎರಡು ಅಂಕದ ದಯೆಯಿಂದ ಪಾಸಾದ ಹುಡುಗ ಪಿಯುಸಿಯಲ್ಲಿ ಬಿದ್ದರೆ ಆಗ ಯಾರು ಹೊಣೆ?

2025ರ ಅಕ್ಟೋಬರಿನಲ್ಲಿ ಜಾತಿ ಸಮೀಕ್ಷೆ ಮುಗಿಸಲೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ನೆಯ ತಾರೀಖಿನವರೆಗೆ ಬೆಳೆಸಿದರು. ಸಮೀಕ್ಷೆ ಆಗಲೇಬೇಕು ಎಂದು ಕೇಳಿದವರಲ್ಲಿ ನಾವೂ ಇದ್ದೇವೆ. ಎಣಿಕೆಯಿಲ್ಲದೆ ಪಾಲಿಲ್ಲ. ಆದರೆ ಎಣಿಸುವ ಕೆಲಸಕ್ಕೆ ಮಾಸ್ತರೇ ಯಾಕೆ ಬೇಕು? ಓದಿ ಕೆಲಸವಿಲ್ಲದೆ ಕುಳಿತ ಸಾವಿರಾರು ಯುವಕರಿಗೆ ಆ ಕೆಲಸ ಕೊಡಬಹುದಿತ್ತು. ಹೋದ ದಿವಸಗಳು ಯಾರ ಮಕ್ಕಳವು? ಅನುದಾನವಿಲ್ಲದ ಖಾಸಗಿ ಶಾಲೆಯ ಬಸ್ಸು ಆ ದಿನಗಳಲ್ಲೂ ಓಡುತ್ತಿತ್ತು.

ಗೆಳೆಯರೇ, ಸಾಲಿಗೆ ಸರ್ಕಾರದ ರೊಕ್ಕ ಎಂಬುದು ನಮಗೆ ಯಾಕೆ ಇಷ್ಟು ದೊಡ್ಡ ಮಾತು ಎಂದು ಕೇಳಬಹುದು. ಉತ್ತರ ನಮ್ಮ ಪಕ್ಕದ ಧಾರವಾಡದಲ್ಲೇ ಇದೆ. 1856ರ ಜೂನ್‌ನಲ್ಲಿ ಅಲ್ಲಿನ ಸರ್ಕಾರಿ ಶಾಲೆಯ ಬಾಗಿಲಿಗೆ ಒಬ್ಬ ಮಹಾರ್ ಹುಡುಗ ಹೋಗಿ ನಿಂತ. ಒಳಗೆ ಬಿಡಲಿಲ್ಲ. ಅವನು ಸುಮ್ಮನೆ ಮನೆಗೆ ಹೋಗಲಿಲ್ಲ, ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಬಿಟ್ಟು ಹೋಗಿ ಶಾಲೆಯೇ ನಿಂತೀತು ಎಂದು ಸರ್ಕಾರ ಕೈ ತೊಳೆದುಕೊಂಡಿತು. ಆದರೆ ಆ ಅರ್ಜಿಯ ಮಾತು ವಿಲಾಯತಿಯ ತನಕ ಹೋಯಿತು. ಪೂರ್ತಿ ಸರ್ಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕು ಎಂದು 1858ರಲ್ಲಿ ಅದೇ ಮುಂಬಯಿ ಸರ್ಕಾರ ಒಪ್ಪಬೇಕಾಯಿತು. ಕಾಗದದ ಮೇಲೆ ಬಂದದ್ದು ಕೇರಿಗೆ ಬರಲು ಬಹಳ ಕಾಲ ಹಿಡಿಯಿತು, ಇರಲಿ. ಆ ಬಾಗಿಲಿಗೆ ಸನಿಕೆ ಹಾಕಿ ಎಬ್ಬಿಸಿದ್ದು "ಇದು ಸರ್ಕಾರದ ರೊಕ್ಕ" ಎಂಬ ಮಾತು. ಸರ್ಕಾರದ ರೊಕ್ಕ ಎಲ್ಲಿದೆಯೋ ಅಲ್ಲಿ ನಮಗೆ ಕೇಳುವ ಹಕ್ಕಿದೆ. ಆ ರೊಕ್ಕ ಹಿಂದಕ್ಕೆ ಸರಿದರೆ 'ನಿಮಗೆ ಪ್ರವೇಶವಿಲ್ಲ' ಎಂದು ಬೋರ್ಡು ಹಾಕಬೇಕಿಲ್ಲ, ಫೀಸಿನ ರಸೀದಿಯೇ ಆ ಕೆಲಸ ಮಾಡುತ್ತದೆ.

ಆಗ ನಮ್ಮ ಈ ಭಾಗವೆಲ್ಲ ಮುಂಬಯಿ ಪ್ರಾಂತ್ಯ. 1882ರಲ್ಲಿ ಜ್ಯೋತಿಬಾ ಫುಲೆಯವರು ಹಂಟರ್ ಆಯೋಗದ ಮುಂದೆ ಇದೇ ಪ್ರಾಂತ್ಯದ ರೈತ ಕೂಲಿಕಾರರ ಪರವಾಗಿ ಹೇಳಿಕೆ ಕೊಟ್ಟರು. ತೆರಿಗೆ ಕಟ್ಟುವವರು ದುಡಿಯುವ ಜನ, ಆ ಹಣದಲ್ಲಿ ಕಲಿಯುವವರು ಮೇಲಿನವರು ಎಂದು ಎತ್ತಿ ತೋರಿಸಿದರು. ಅದೇ ಹೇಳಿಕೆಯಲ್ಲಿ ಅವರು ಮಾಸ್ತರ ಪಗಾರದ ಮಾತನ್ನೂ ಆಡಿದರು: ತರಬೇತಾದ ಪ್ರಾಥಮಿಕ ಶಿಕ್ಷಕನಿಗೆ ತಿಂಗಳಿಗೆ 12 ರೂಪಾಯಿಗಿಂತ ಕಡಿಮೆ ಇರಬಾರದು, ದೊಡ್ಡ ಹಳ್ಳಿಗಳಲ್ಲಿ 15-20 ಬೇಕು, ಶಿಕ್ಷಕರು ಹೆಚ್ಚಾಗಿ ದುಡಿಯುವ ಜಾತಿಗಳಿಂದಲೇ ಬರಬೇಕು. ಪಗಾರದ ಪ್ರಶ್ನೆಯನ್ನೂ ಜಾತಿಯ ಪ್ರಶ್ನೆಯನ್ನೂ ಒಂದೇ ಉಸಿರಿನಲ್ಲಿ ಕೇಳಿದವರು ಅವರು. ನಾವು ಹೊಸದೇನೂ ಕೇಳುತ್ತಿಲ್ಲ.

1927ರ ಮಾರ್ಚ್ 12ರಂದು ಬಾಬಾಸಾಹೇಬರು ಮುಂಬಯಿ ಶಾಸನ ಸಭೆಯಲ್ಲಿ ಶಿಕ್ಷಣದ ಅನುದಾನದ ಮೇಲೆ ಮಾತನಾಡಿದರು. ಪ್ರಾಥಮಿಕ ಶಾಲೆಗೆ ಸೇರಿದ ನೂರು ಮಕ್ಕಳಲ್ಲಿ ನಾಲ್ಕನೆಯ ತರಗತಿ ಮುಟ್ಟುವವರು 18 ಮಂದಿ ಮಾತ್ರ ಎಂದು ಲೆಕ್ಕ ಕೊಟ್ಟರು. ಸರ್ಕಾರ ಶಿಕ್ಷಣಕ್ಕೆ ತಲೆಗೆ 14 ಆಣೆ ಖರ್ಚು ಮಾಡುತ್ತದೆ, ಅಬಕಾರಿಯಿಂದ ತಲೆಗೆ ಎರಡು ರೂಪಾಯಿಗೂ ಹೆಚ್ಚು ವಸೂಲಿ ಮಾಡುತ್ತದೆ, ಕುಡಿಸಿ ತೆಗೆದುಕೊಂಡಷ್ಟನ್ನಾದರೂ ಕಲಿಸಲು ಖರ್ಚು ಮಾಡಬೇಕು ಎಂಬುದು ಅವರ ವಾದ. 98 ವರ್ಷದ ಮೇಲೆ 2025-26ರ ಕರ್ನಾಟಕದ ಬಜೆಟ್ ನೋಡಿ. ಶಿಕ್ಷಣಕ್ಕೆ ಸುಮಾರು 45 ಸಾವಿರ ಕೋಟಿ, ಅಬಕಾರಿಯಿಂದ ವಸೂಲಿ ಮಾಡಲು ಇಟ್ಟ ಗುರಿ 40 ಸಾವಿರ ಕೋಟಿ. ಬಾಬಾಸಾಹೇಬರು ಕೇಳಿದ್ದು ಕನಿಷ್ಠ ಮಟ್ಟ. ನೂರು ವರ್ಷ ನಡೆದು ಆ ಕನಿಷ್ಠವನ್ನು ದಾಟಿದ್ದೇವೆ, ಅಷ್ಟೇ. ಆ 40 ಸಾವಿರ ಕೋಟಿಯಲ್ಲಿ ನಮ್ಮ ಕೇರಿಗಳ ಕೂಲಿ ಎಷ್ಟಿದೆ ಎಂದು ಮನೆಮನೆಯ ಹೆಣ್ಣುಮಕ್ಕಳನ್ನು ಕೇಳಿ.

1928ರಲ್ಲಿ ಬಾಬಾಸಾಹೇಬರು ಶೋಷಿತ ವರ್ಗಗಳ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ಸರ್ಕಾರದ ಅನುದಾನ ಪಡೆದು, ಹೈಸ್ಕೂಲು ಹುಡುಗರಿಗೆ ಹಾಸ್ಟೆಲುಗಳನ್ನು ನಡೆಸಲು ಮುಂದಾದರು. ಅವುಗಳಲ್ಲಿ ಧಾರವಾಡದ್ದೂ ಒಂದು. ಬಾಗಿಲೇ ತೆರೆಯದಿದ್ದ ಊರಿನಲ್ಲಿ ನಮಗೊಂದು ಮನೆಯಾಯಿತು. ನೀವು ಇವತ್ತು ಮಲಗುವ ಹಾಸ್ಟೆಲಿನ ಬೇರು ಅಲ್ಲಿದೆ. ಹಾಸ್ಟೆಲಿನ ರೊಕ್ಕಕ್ಕೂ ಸಾಲಿಯ ರೊಕ್ಕಕ್ಕೂ ಬೇರೆ ಬೇರೆ ಹೋರಾಟ ಇಲ್ಲ.

ಇನ್ನು ಎದುರು ಮಾತು. "ಪೂರ್ತಿ ಪಗಾರ ತಗೊಳ್ಳೋ ಮಾಸ್ತರು ಕಲಿಸ್ತಾರೇನ್ರೀ? ತಮ್ಮ ಮಕ್ಕಳನ್ನ ಕಾನ್ವೆಂಟಿಗೆ ಕಳಿಸ್ತಾರ" ಎಂದು ನೀವು ಕೇಳುತ್ತೀರಿ. ಕೇಳಬೇಕಾದ ಮಾತೇ. 2023ರ ಮಾರ್ಚ್ 1ರಂದು ಸರ್ಕಾರಿ ನೌಕರರು ಮುಷ್ಕರ ಹೂಡಿದರು, ಅದೇ ದಿವಸ ಶೇ. 17ರ ಮಧ್ಯಂತರ ಪರಿಹಾರ ಸಿಕ್ಕಿತು. ಸಂಘಟನೆಯ ಶಕ್ತಿ ಅದು. ಆ ಶಕ್ತಿಯನ್ನು ಪಕ್ಕದ ವರ್ಗದಲ್ಲಿ ಅದೇ ಪಾಠ ಹೇಳುವ ಅತಿಥಿಗಾಗಿ ಒಂದು ದಿವಸವಾದರೂ ಬಳಸಿ ಎಂದು ಕಾಯಂ ಶಿಕ್ಷಕರಿಗೆ ಹೇಳುತ್ತೇವೆ. ಪಾಠ ಮಾಡದ ಮಾಸ್ತರಿಂದ ಲೆಕ್ಕ ಕೇಳೋಣ, ಜಾತಿ ಹಿಡಿದು ಕರೆಯುವವರ ಮೇಲೆ ಕೇಸು ಹಾಕೋಣ. ಆದರೆ ಕೆಲವರು ಕಲಿಸುವುದಿಲ್ಲ ಎಂದು ಎಲ್ಲರನ್ನೂ ಅಗ್ಗಕ್ಕೆ ತಂದರೆ ಶಿಕ್ಷೆ ಬೀಳುವುದು ಮಕ್ಕಳಿಗೆ. ಡಾಕ್ಟರು ಸರಿಯಿಲ್ಲ ಎಂದು ಆಸ್ಪತ್ರೆಗೆ ಬೀಗ ಹಾಕುತ್ತಾರೆಯೇ?

"ಹಾಗಾದರೆ ಖಾಸಗಿ ಶಾಲೆಗಳಿಗೇ ಅನುದಾನ ಕೊಡಲಿ" ಎನ್ನುವವರೂ ಇದ್ದಾರೆ. 1995ರ ನಂತರ ಶುರುವಾದ ಕನ್ನಡ ಶಾಲೆಗಳಿಗೆ ಅನುದಾನ ಬೇಕೆಂಬ ಕೂಗು ಹಳೆಯದು. ಅಲ್ಲಿ ದುಡಿಯುವ ಶಿಕ್ಷಕರ ಕಷ್ಟ ನಮಗೆ ಗೊತ್ತು. ಆದರೆ ಪಗಾರ ಸರ್ಕಾರದ್ದು, ನೇಮಕ ಆಡಳಿತ ಮಂಡಳಿಯದ್ದು ಎಂಬ ವ್ಯವಸ್ಥೆಯಲ್ಲಿ ಯಾರ ಮಕ್ಕಳು ಮಾಸ್ತರಾದರು ಎಂದು ಹಳೆಯ ಅನುದಾನಿತ ಶಾಲೆಗಳ ಹಾಜರಿ ಪುಸ್ತಕವೇ ಹೇಳುತ್ತದೆ. ಸಾರ್ವಜನಿಕ ರೊಕ್ಕ ಹೋಗುವ ಕಡೆ ರೋಸ್ಟರ್ ಹೋಗಬೇಕು. ಅದಿಲ್ಲದೆ ಒಂದು ಪೈಸೆಯೂ ಬೇಡ.

ಅತಿಥಿ ಶಿಕ್ಷಕರ ಆಯ್ಕೆಯಲ್ಲಿ ರೋಸ್ಟರ್ ಎಲ್ಲಿದೆ ಎಂಬ ಪ್ರಶ್ನೆಯನ್ನೂ ಇಲ್ಲಿಯೇ ಕೇಳುತ್ತೇವೆ. ಕಾಯಂ ಹುದ್ದೆ ತುಂಬಿದರೆ ಮೀಸಲಾತಿ ಲೆಕ್ಕಕ್ಕೆ ಬರುತ್ತದೆ, ಬ್ಯಾಕ್‌ಲಾಗ್ ಲೆಕ್ಕಕ್ಕೆ ಬರುತ್ತದೆ. ಹುದ್ದೆಯನ್ನು ಖಾಲಿ ಇಟ್ಟು ಅತಿಥಿಯನ್ನು ಕರೆದರೆ ಎರಡೂ ತಪ್ಪುತ್ತದೆ. ನಮ್ಮ ಹಾಸ್ಟೆಲುಗಳಲ್ಲಿ ಓದಿ ಡಿ.ಎಡ್., ಬಿ.ಎಡ್. ಮುಗಿಸಿದ ಅಣ್ಣಂದಿರು, ಅಕ್ಕಂದಿರು ಇವತ್ತು ಎಲ್ಲಿದ್ದಾರೆ? ಅದೇ ಹನ್ನೆರಡು ಸಾವಿರದ ಸಾಲಿನಲ್ಲಿ. ಮನೆಯ ಮೊದಲ ಪದವೀಧರರು ಅವರು. ಅವರ ಗತಿ ನೋಡಿ ಕೇರಿಯ ತಂದೆ ತಾಯಿ "ಓದಿ ಏನಾಗತೈತಿ" ಎಂದು ಚಿಕ್ಕವನ ಸಾಲಿ ಬಿಡಿಸಿದರೆ ಯಾರನ್ನು ದೂರಬೇಕು?

ಕೋರ್ಟಿನ ಮಾತೂ ತಿಳಿದಿರಲಿ. 2006ರಲ್ಲಿ ಕರ್ನಾಟಕ ಸರ್ಕಾರದ್ದೇ ಆದ ಉಮಾದೇವಿ ಪ್ರಕರಣದಲ್ಲಿ ತಾತ್ಕಾಲಿಕ ನೌಕರರು ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪನ್ನು ಸರ್ಕಾರಗಳು ಬಾಯಿಪಾಠ ಮಾಡಿಕೊಂಡಿವೆ. ಅದೇ ಕೋರ್ಟ್ 2016ರಲ್ಲಿ ಪಂಜಾಬಿನ ಜಗಜೀತ್ ಸಿಂಗ್ ಪ್ರಕರಣದಲ್ಲಿ, ತಾತ್ಕಾಲಿಕ ನೌಕರರು ಕಾಯಂ ನೌಕರರ ಅದೇ ಕೆಲಸ ಮಾಡಿದರೆ ಆ ಹುದ್ದೆಯ ಕನಿಷ್ಠ ವೇತನ ಶ್ರೇಣಿ ಕೊಡಬೇಕು ಎಂದಿತು. ಅದನ್ನು ಮಾತ್ರ ಮರೆತಿವೆ. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ಶೇ. 6 ಬೇಕು ಎಂದು ಕೊಠಾರಿ ಆಯೋಗ 1966ರಲ್ಲಿ ಬರೆಯಿತು, 2020ರ ಶಿಕ್ಷಣ ನೀತಿಯೂ ಅದೇ ಶೇ. 6 ಎಂದು ಬರೆಯಿತು. ಬರೆಯುವುದರಲ್ಲಿ ನಮ್ಮವರು ಜಾಣರು.

ನಮ್ಮ ಬೇಡಿಕೆಗಳು ಇವು. ಖಾಲಿ ಹುದ್ದೆಗಳನ್ನು ರೋಸ್ಟರ್ ಮತ್ತು ಬ್ಯಾಕ್‌ಲಾಗ್ ಸಮೇತ ತುಂಬಬೇಕು. ತುಂಬುವವರೆಗೆ ಅತಿಥಿ ಶಿಕ್ಷಕರಿಗೆ ಸಮಾನ ಕೆಲಸಕ್ಕೆ ಸಮಾನ ವೇತನ, ಹನ್ನೆರಡು ತಿಂಗಳೂ, ತಿಂಗಳು ತಿಂಗಳಿಗೆ ಕೊಡಬೇಕು. ಶಾಲೆ ತೆರೆಯುವ ಮೊದಲ ದಿನವೇ ಎಲ್ಲ ವಿಷಯಕ್ಕೂ ಮಾಸ್ತರು ವರ್ಗದಲ್ಲಿರಬೇಕು. ಪಾಠದ ದಿನಗಳಲ್ಲಿ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಎಳೆಯಬಾರದು.

ಬೇಡಿಕೆ ಬರೆದು ಕೈಕಟ್ಟಿ ಕುಳಿತರೆ ಆಗದು. ಪ್ರತಿ ಹಾಸ್ಟೆಲಿನಲ್ಲೂ ಒಂದು ನೋಟುಬುಕ್ಕು ಇಡಿ. ನಿಮ್ಮ ಸಾಲಿಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಕಾಯಂ ಎಷ್ಟು, ಅತಿಥಿ ಎಷ್ಟು, ಯಾವ ವಿಷಯಕ್ಕೆ ಎಷ್ಟು ದಿವಸ ಯಾರೂ ಬರಲಿಲ್ಲ, ಅತಿಥಿಗೆ ಎಷ್ಟು ತಿಂಗಳ ಬಾಕಿ — ಬರೆಯಿರಿ. ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ, ಅದಕ್ಕೆ ಹತ್ತು ರೂಪಾಯಿ ಸಾಕು. ಎಸ್‌ಡಿಎಂಸಿ ಸಭೆಗೆ ನಿಮ್ಮ ಕೇರಿಯ ತಂದೆ ತಾಯಿಯನ್ನು ಕರೆದೊಯ್ದು ಆ ಲೆಕ್ಕ ಓದಿಸಿ. ಅಮೀನಗಡ, ಕಮತಗಿ, ಸೂಳೇಭಾವಿ, ಇಳಕಲ್ಲು, ಹುನಗುಂದದ ಹುಡುಗರು ಈ ನೋಟುಬುಕ್ಕುಗಳನ್ನು ಹಿಡಿದು ಬಿಇಒ ಕಚೇರಿಗೆ ಒಟ್ಟಾಗಿ ಹೋಗಬೇಕು. ಅತಿಥಿ ಶಿಕ್ಷಕರ ಮುಂದಿನ ಧರಣಿಯಲ್ಲಿ ಟೆಂಟಿನ ಕೆಳಗೆ ಅವರ ಪಕ್ಕದಲ್ಲಿ ಕುಂತಿರಬೇಕು.

ನಮ್ಮ ಚಳವಳಿಗೆ ಮಾಸ್ತರು ಹೊರಗಿನವರಲ್ಲ. ಸಾವಿತ್ರಿಬಾಯಿ ಫುಲೆ ಅಕ್ಕೋರೇ ಆಗಿದ್ದರು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕಾಲೇಜು ಮಾಸ್ತರಾಗಿದ್ದರು. ನಾಳೆ ನಿಮ್ಮಲ್ಲೇ ಎಷ್ಟೋ ಮಂದಿ ಸೀಮೆಸುಣ್ಣ ಹಿಡಿಯುವವರು. ಅವತ್ತು ನಿಮ್ಮನ್ನು ಅತಿಥಿ ಎಂದು ಕರೆಯಬೇಕೋ, ಮಾಸ್ತರು ಎಂದು ಕರೆಯಬೇಕೋ ಎಂಬುದು ಇವತ್ತು ನೀವು ಎಲ್ಲಿ ನಿಲ್ಲುತ್ತೀರಿ ಎಂಬುದರ ಮೇಲಿದೆ.

ಜೈ ಭೀಮ್.